ಎರಡು ಸಲ ಬೀಸಿದ ಫೋಟೋ

ಪ್ರಪಂಚದಲ್ಲಿ ಫೋಟೋವನ್ನು ರಾಗಿಯ ಹಾಗೆ ಎರಡು ಸಲ ಬೀಸಿದ ಮನುಷ್ಯ ಯಾರಾದರೂ ಇದ್ದರೆ ಅದು ನನ್ನ ಸೋದರಮಾವ ಒಬ್ಬರೇ! ನಂಬಿಕೆ ಬರದಿದ್ದರೆ ಮಾಯಸಂದ್ರದ ಯಾವ ಹೆಂಗಸನ್ನಾದರೂ ಕೇಳಿ ನೋಡಿ. ರಾಗಿ ಬೀಸಿಸಲು ಡಬ್ಬ ಹೊತ್ತು ಬಂದು, ಫೋಟೋ ನೋಡಿ, ತೀರ್ಪು ಕೊಟ್ಟು, ಹಿಟ್ಟಿಲ್ಲದೆ ಮನೆಗೆ ವಾಪಸಾದವರು ಒಬ್ಬಿಬ್ಬರಲ್ಲ.

ಮಾವನದು ಹಿಟ್ಟಿನ ಗಿರಣಿ. ಅದರ ಪಕ್ಕದ ಕೋಣೆಯಲ್ಲಿ ದೂಳಿಗೆ ಹೆದರಿ ಹಳೆಯ ಪಂಚೆ ಹೊದ್ದು ಕೂತ ಒಂದು ಕಂಪ್ಯೂಟರ್. ಎರಡು ಸಾವಿರದ ನಾಲ್ಕನೇ ಇಸವಿಯ ಬೇಸಿಗೆಯಲ್ಲಿ ಮಾವ ತಿಪಟೂರಿಗೆ ಗಿರಣಿಯ ಬೆಲ್ಟು ತರಲು ಹೋದವರು ಬೆಲ್ಟು ಮರೆತು ಡಿಜಿಟಲ್ ಕ್ಯಾಮೆರಾ ತಂದರು! ನಾನು ಆಗಷ್ಟೇ ತುರುವೇಕೆರೆಯಲ್ಲಿ ಕಂಪ್ಯೂಟರ್ ಕೋರ್ಸ್ ಮುಗಿಸಿ ರಜೆಗೆಂದು ಅವರ ಮನೆಗೆ ಬಂದಿದ್ದೆ. ನನಗೋ, ದಿನಾ ಡೈರಿ ಬರೆಯುವ, ಕಂಡದ್ದಕ್ಕೆಲ್ಲ ಗೀಟು ಹಾಕಿ ಎಣಿಸುವ ಚಾಳಿ. ಮಾವನಿಗೆ ಇಂಥವಳೇ ಬೇಕಿತ್ತು.

“ಮಗಾ, ಫೋಟೋನ ಚೂಪು ಮಾಡೋ ಸಾಫ್ಟ್‌ವೇರ್ ಐತಂತಲ್ಲ?”

“ಒಂದಲ್ಲ ಮಾವ, ಹತ್ತಾರಿವೆ.”

“ಹಂಗಾದ್ರೆ ಎಲ್ಲಾನೂ ಕರಿ. ಹೆಣ್ಣು ನೋಡ್ದಂಗೆ ಒಂದೊಂದೇ ನೋಡಿ, ಒಂದನ್ನ ಗೊತ್ತು ಮಾಡಾನ.”

ಯಾಕಿಷ್ಟು ಅವಸರ? ಅತ್ತೆಗಾಗಿ. ಎರಡು ವರ್ಷದಿಂದ ಅತ್ತೆಗೆ ನೆಟ್ಟಗೆ ನೋಡಿದ್ದೆಲ್ಲ ನಡುವೆ ಮಸಿ ಮೆತ್ತಿದಂತೆ ಕಾಣುತ್ತಿತ್ತು. ಅಕ್ಕಪಕ್ಕದ್ದು ಮಾತ್ರ ಅಷ್ಟಿಷ್ಟು. ಕಣ್ಣಿನ ಹಿಂದಿನ ಪರದೆ ಸವೆದಿದೆ, ಆಪರೇಷನ್ನಿಗೆ ಬಗ್ಗುವ ಕಾಯಿಲೆಯಲ್ಲ ಎಂದು ತುಮಕೂರಿನ ಡಾಕ್ಟರು ಹೇಳಿ ಕಳಿಸಿದ್ದರು. ಅತ್ತೆ ಒಪ್ಪಿಕೊಂಡರು. ಮಾವ ಒಪ್ಪಲಿಲ್ಲ!

“ಅವಳ ಕಣ್ಣು ಗಟ್ಟಿಯಾಗೈತೆ ಕಣೇ. ಮಗಳು ಕಳ್ಸೋ ಫೋಟೋಗಳೇ ಮಬ್ಬು. ಸರಿಯಾದ ಸಾಫ್ಟ್‌ವೇರ್ ಒಂದು ಸಿಗ್ಲಿ, ಅವಳ ಬಾಯಲ್ಲೇ ‘ಕಾಣ್ತು’ ಅನ್ನಿಸ್ತೀನಿ.”

ಇದು ಮಾವನ ಪಣ. ಚೂಪು ಮಾಡುವ ಸಾಫ್ಟ್‌ವೇರ್ ಮಾಡುವುದಾದರೂ ಏನು? ಫೋಟೋದಲ್ಲಿ ಕಪ್ಪು ಬಿಳುಪು ಕೂಡುವ ಅಂಚುಗಳನ್ನು ಹುಡುಕಿ, ಕಪ್ಪನ್ನು ಇನ್ನಷ್ಟು ಕಪ್ಪು, ಬಿಳುಪನ್ನು ಇನ್ನಷ್ಟು ಬಿಳುಪು ಮಾಡುತ್ತದೆ. ಇಲ್ಲದ್ದನ್ನು ಎಲ್ಲಿಂದಲೂ ತಂದುಕೊಡುವುದಿಲ್ಲ. ಇದನ್ನು ಮಾವನಿಗೆ ಹೇಳಿದೆ. “ನೀನು ತಂದು ಹಾಕು, ಉಳಿದದ್ದು ನಾ ನೋಡ್ಕೋತೀನಿ” ಅಂದರು!

ಕಂಪ್ಯೂಟರ್ ಪತ್ರಿಕೆಗಳ ಜೊತೆ ಆಗ ಸಿ.ಡಿ. ಬರುತ್ತಿತ್ತು. ಅದರಲ್ಲಿ ಒಂದು ತಿಂಗಳ ಮಟ್ಟಿಗೆ ಬಿಟ್ಟಿ ಓಡುವ ಸಾಫ್ಟ್‌ವೇರ್‌ಗಳು. ಇಂಗ್ಲಿಷ್ ಹೆಸರುಗಳು ನಾಲಿಗೆಗೆ ಒಗ್ಗದೆ ಮಾವ ತಾವೇ ಎಲ್ಲಕ್ಕೂ ನಾಮಕರಣ ಮಾಡಿದರು. ಮೊದಲನೆಯದು ‘ಸೋಂಬೇರಿ’. ಒಂದು ಫೋಟೋ ಕೊಟ್ಟರೆ ಮರಳುಗಡಿಯಾರ ತಿರುಗಿಸುತ್ತ ಕೂರುತ್ತಿತ್ತು. ಅದು ಮುಗಿಸುವುದರೊಳಗೆ ಕರೆಂಟೇ ಮುಗಿದಿರುತ್ತಿತ್ತು. ಎರಡನೆಯದು ‘ಜಂಬದವನು’. ದುಡ್ಡು ಕಟ್ಟುವವರೆಗೂ ಮಾವನ ಹಸುವಿನ ಫೋಟೋದ ಮೇಲೆ ಅಡ್ಡಡ್ಡ ತನ್ನ ಹೆಸರು ಬರೆಯುತ್ತಿತ್ತು. ಮಾವ ಕೆಂಡವಾದರು.

“ಹಸ ನಂದು, ಕ್ಯಾಮೆರಾ ನಂದು, ಮೇಲ್ಗಡೆ ಹೆಸ್ರು ಇವನದಾ? ಮುಯ್ಯಿ ಪಾತ್ರೆ ಮೇಲೆ ಕೆತ್ತಿಸ್ದಂಗೆ! ಕಿತ್ತಾಕು ಇವನ್ನ!”

ಮೂರನೆಯದು ‘ಸಾಧು’. ಮೃದುವಾಗಿ, ಗೊತ್ತೇ ಆಗದ ಹಾಗೆ ತಿದ್ದುವ ಸ್ವಭಾವ. ನನ್ನ ಮೆಚ್ಚಿನದು. ನಾಲ್ಕನೆಯದು ‘ರಾಕ್ಷಸ’. ಅದನ್ನು ಸ್ವಲ್ಪ ಒತ್ತಿದರೂ ಸಾಕು, ತೆಂಗಿನ ಗರಿಗಳೆಲ್ಲ ಗರಗಸವಾಗುತ್ತಿದ್ದವು, ಮನುಷ್ಯರ ತಲೆಯ ಸುತ್ತ ದೇವರ ಪಟದ ಪ್ರಭಾವಳಿ ಮೂಡುತ್ತಿತ್ತು!

ನಾನು ಸಾಧುವಿನಿಂದ ಅದೇ ಹಸುವಿನ ಫೋಟೋ ತಿದ್ದಿದೆ. ಮಾವ ಹಿಂದೆ ನಿಂತು, “ಇನ್ನೊಂದು ಸಲ ಬುಡು” ಅಂದರು.

“ಒಂದೇ ಸಲ ಮಾಡೋದು ಮಾವ. ಎರಡನೇ ಸಲ ಮಾಡಿದ್ರೆ ಕೆಡ್ತದೆ.”

“ರಾಗಿ ಎರಡು ಸಲ ಬೀಸಿದ್ರೆ ಕೆಡ್ತದಾ? ನುಣ್ಣಗಾಗ್ತದೆ! ಬೀಸೋದು ಯಾರಿಗೆ ಹೇಳ್ಕೊಡ್ತೀಯ ನೀನು?”

ಬಿಟ್ಟೆ. ಪ್ರಿಂಟ್ ಹೊರಗೆ ಬಂತು. ಮಾವ ಅದನ್ನು ನೋಡಿದರೆಂದುಕೊಂಡಿರಾ? ಇಲ್ಲ! ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಹಿಟ್ಟು ಉಜ್ಜುವಂತೆ ಉಜ್ಜಿದರು. “ಇನ್ನೂ ತರಿ ಐತೆ” ಅಂದರು. ಇನ್ನೂ ಆರದ ಶಾಯಿ, ಹಸುವಿನ ಬಾಲ ಅವರ ಹೆಬ್ಬೆರಳಿಗೆ ಅಂಟಿಕೊಂಡು ಬಂತು.

ಇದು ಹೀಗಾದರೆ ಆಗದು ಎಂದು ನಾನು ಕ್ರಮವಾಗಿ ಮತದಾನ ಏರ್ಪಡಿಸಿದೆ. ರಾಗಿ ಬೀಸಿಸಲು ಬಂದವರೇ ಮತದಾರರು. ಒಂದೇ ಫೋಟೋವನ್ನು ಉಳಿದ ಮೂರು ಸಾಫ್ಟ್‌ವೇರ್‌ಗಳಲ್ಲಿ ತಿದ್ದಿ ಗೋಡೆಗೆ ಅಂಟಿಸಿದೆ, ಕೆಳಗೆ ಗೀಟು ಹಾಕುತ್ತ ಹೋದೆ. ಎದುರು ಮನೆಯ ಪುಟ್ಟಮ್ಮನ ಮುಖವನ್ನೇ ಪರೀಕ್ಷೆಗೆ ಇಟ್ಟದ್ದು ಮಾವನ ಐಡಿಯಾ. ಪುಟ್ಟಮ್ಮ ರಾಕ್ಷಸನ ಮುಂದೆ ನಿಂತರು.

“ಇದ್ಯಾರ್ದು?”

“ನಿಂದೇ ಕಣವ್ವ” ಅಂದರು ಮಾವ.

“ನಂದಾ? ಸುಲಿದ ಕಾಯಿಗೂ ಇದಕ್ಕಿಂತ ನುಣ್ಣಗೆ ಮೈ ಇರ್ತದೆ ಕಣಣ್ಣ! ಹಣೆ ಮೇಲೆ ಇದೇನು ಉಳುಮೆ ಮಾಡಿದೀಯಾ?”

“ಚೂಪು ಮಾಡಿದೀನಿ. ಇದ್ದದ್ದು ಇದ್ದಂಗೆ ಕಾಣ್ತೈತೆ.”

“ಇದ್ದದ್ದು ಇದ್ದಂಗೆ ಹೇಳಾಕೆ ನಮ್ಮನೇಲಿ ನಮ್ಮತ್ತೆ ಇದಾಳೆ, ನಿನ್ ಮಿಷಿನ್ ಬೇರೆ ಬೇಕಾ? ಮೊದ್ಲು ನನ್ ರಾಗಿ ಹಾಕು, ಕರೆಂಟ್ ಹೋಯ್ತದೆ!”

ಹೇಳಿ ಬಾಯಿ ಮುಚ್ಚುವಷ್ಟರಲ್ಲಿ ಹೋಯಿತು. ಆ ದಿನದ ನನ್ನ ಡೈರಿಯಲ್ಲಿ ಹೀಗಿದೆ: ‘ಸಾಧುವಿಗೆ ಭರ್ಜರಿ ಗೆಲುವು. ರಾಕ್ಷಸನಿಗೆ ಒಂದೇ ಮತ, ಅದೂ ಮಾವನದು. ಪುಟ್ಟಮ್ಮನ ರಾಗಿ ಬಾಕಿ.’

ಆದರೆ ಊರಿನ ಮತಕ್ಕೆ ಬೆಲೆ ಎಲ್ಲಿ? ಕೊನೆಯ ತೀರ್ಪು ಅಡುಗೆಮನೆಯಲ್ಲಿತ್ತು. ಮಾವ ಸಾಧು ತಿದ್ದಿದ ಪ್ರಿಂಟುಗಳನ್ನೆಲ್ಲ ಕಟ್ಟಿಕೊಂಡು ಒಳಗೆ ಹೋದರು, ಹಿಂದೆಯೇ ನಾನು. ಅತ್ತೆ ಕೈ ಒರೆಸಿಕೊಂಡು ಹಾಳೆ ಹಿಡಿದರು. ಮುಖ ಒಂದು ಕಡೆ ತಿರುಗಿಸಿ, ಕಣ್ಣಂಚಿನಿಂದ ನೋಡಿದರು.

“ಇದು ಬಸ್ಸಾ?”

“ಹಸ ಕಣೇ!”

“ಹಸನಾ? ಸದ್ಯ, ಹಾಲಾದ್ರೂ ಕೊಡ್ತದೆ.”

ಮೊಮ್ಮಗುವಿನ ಫೋಟೋ ಕೊಟ್ಟರು. ತೋಟದ್ದು ಕೊಟ್ಟರು. ಪುಟ್ಟಮ್ಮನದು ಕೊಟ್ಟರು. ಅತ್ತೆ ಪ್ರತಿಯೊಂದಕ್ಕೂ ಒಂದೊಂದು ತಮಾಷೆಯ ಹೆಸರು ಹೇಳಿದರು. ‘ಕಾಣ್ತು’ ಅನ್ನುವ ಒಂದು ಮಾತನ್ನು ಮಾತ್ರ ಹೇಳಲಿಲ್ಲ. ಸುಳ್ಳಿಗಾದರೂ ಹೇಳಬಾರದಿತ್ತೇ? ಅತ್ತೆಗೆ ಸುಳ್ಳು ಬರುವುದಿಲ್ಲ. ಮಾವ ಹೊರಗೆ ಬಂದು, “ಸಾಧು ಆಗಲ್ಲ. ಬೇರೆ ತಾ” ಅಂದರು. ಬೇರೆ ತಂದೆ. ಅದೂ ಆಗಲಿಲ್ಲ. ಬಿಟ್ಟಿ ತಿಂಗಳು ಮುಗಿಯುತ್ತ ಬಂತು. ಒಂದೊಂದೇ ಸಾಫ್ಟ್‌ವೇರ್ ಬಾಗಿಲು ಹಾಕಿಕೊಂಡು ಹೋಯಿತು. ಉಳಿದವನು ರಾಕ್ಷಸ ಒಬ್ಬನೇ, ಅವನಿಗೂ ಮಾರನೆಯ ದಿನ ಕೊನೆ. ಮಾವ ಎದ್ದು ಕಂಪ್ಯೂಟರಿಗೆ ಹಳೆಯ ಪಂಚೆ ಹೊದಿಸತೊಡಗಿದರು.

ಅತ್ತೆ ಗೋಡೆ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತರು.

“ಅಲ್ಲ ಕಣ್ರೀ, ಹಸ ಕೂಗಿದ್ರೆ ನಂಗೆ ಗೊತ್ತಾಯ್ತದೆ. ಮೊಮ್ಮಗು ತೊಡೆ ಮೇಲೆ ಬಂದು ಕೂತ್ರೆ ಗೊತ್ತಾಯ್ತದೆ. ಪುಟ್ಟಮ್ಮನ್ನ ನೋಡಿ ನಾನೇನ್ ಮಾಡ್ಲಿ? ಊರ್ನೋರ್ದೆಲ್ಲ ತೋರಿಸ್ತೀರಿ, ನಿಮ್ದು ಒಂದಾದ್ರೂ ತೋರ್ಸಿದ್ರಾ?”

“ನಂದ್ಯಾಕೆ? ನಾನಿಲ್ಲೇ ಇವ್ನಲ್ಲ!”

“ಇದೀರ. ಕಾಣಲ್ಲವಲ್ಲ.”

ಮಾವ ಕ್ಯಾಮೆರಾವನ್ನು ನನ್ನ ಕೈಗೆ ಕೊಟ್ಟು ಅಂಗಳಕ್ಕೆ ಹೋಗಿ ನಿಂತರು. ಅಷ್ಟು ದಿನ ಇಡೀ ಊರಿಗೆ “ನಗು, ನಗು” ಎಂದು ಆಜ್ಞೆ ಮಾಡಿದವರು, ರೇಷನ್ ಕಾರ್ಡಿನ ಫೋಟೋಗೆ ನಿಂತಂತೆ ಉಸಿರು ಕಟ್ಟಿ ನಿಂತಿದ್ದರು. ತೆಗೆದೆ. ರಾಕ್ಷಸನಿಗೆ ಒಪ್ಪಿಸಿದೆ. ತುದಿ ಮುಟ್ಟುವವರೆಗೂ ಒತ್ತಿದೆ. ಈ ಸಲ ಮಾವ ಹೇಳಲಿಲ್ಲ. ನಾನೇ ಇನ್ನೊಂದು ಸಲ ಬಿಟ್ಟೆ.

ಹಾಳೆ ತುಂಬ ಒಂದೇ ಮುಖ. ಅದನ್ನು ಮುಖ ಅನ್ನುವುದೂ ಕಷ್ಟ! ಇದ್ದಿಲು ಸುಣ್ಣದಲ್ಲಿ ಗೀಚಿದಂತೆ ಕಪ್ಪು ಗೆರೆ, ಬಿಳಿ ಗೆರೆ. ಕೊಡಲು ನನಗೆ ನಾಚಿಕೆಯಾಯಿತು. ಅತ್ತೆ ಅದನ್ನು ಬೆಳಕಿಗೆ ಹಿಡಿದರು, ಮೂಗಿನ ಹತ್ತಿರ ತಂದರು, ಮುಖ ಓರೆ ಮಾಡಿ ಕಣ್ಣಂಚಿನಿಂದ ಮೆಲ್ಲಗೆ ಮೇಲಿಂದ ಕೆಳಗೆ ಬಂದರು.

“ಕಿವಿ... ಇದು ಕಿವಿ. ಮೂಗು ಹಂಗೇ ಐತೆ, ನಿಮ್ಮಪ್ಪಂದು.”

“ಕಾಣ್ತಾ?” ಮಾವ ಹಾಳೆಯ ಮೇಲೆ ಬಗ್ಗಿದರು. “ಮಗಾ, ಕಾಣ್ತು! ರಾಕ್ಷಸನೇ ಸೈ! ನಾನ್ ಹೇಳ್ಲಿಲ್ವಾ, ಅವಳ ಕಣ್ಣು ಗಟ್ಟಿಯಾಗೈತೆ ಅಂತ? ಅವನ್ನೇ ಕೊಂಡ್ಕೋ! ನಾಳೆಗೇ ಕೊಂಡ್ಕೋ!”

ಅತ್ತೆ ಮಾತ್ರ ಹಾಳೆಯಿಂದ ಕಣ್ಣು ತೆಗೆದಿರಲಿಲ್ಲ.

“ರೀ, ಮೀಸೆ ಯಾವಾಗ ಬೆಳ್ಳಗಾಯ್ತು?”

ಮಾವ ಅಂಗೈಯಿಂದ ಮೀಸೆ ಮುಚ್ಚಿಕೊಂಡರು.

“ಅದು... ಹಿಟ್ಟು ಕಣೇ” ಅಂದರು.

ಅತ್ತೆ ಹಾಳೆಯನ್ನು ನನ್ನ ಕೈಗೆ ಕೊಟ್ಟು, ಕೈ ಚಾಚಿ ಮಾವನ ಮುಖ ಹುಡುಕಿಕೊಂಡರು. ಅವರ ಅಂಗೈ ಸರಿಸಿ, ಸೆರಗಿನ ತುದಿಯಿಂದ ಮೀಸೆ ಒರೆಸತೊಡಗಿದರು. ಮಾವ ಅಲುಗದೆ ನಿಂತಿದ್ದರು. ಒರೆಸಿದಷ್ಟೂ ಅದು ಬೆಳ್ಳಗೇ ಇತ್ತು.