ಅರ್ಧಕ್ಕೆ ಬಿಟ್ಟ ಬಸವನಹುಳುಗಳು

ಹೆಂಡತಿಯ ನೇಲ್ ಪಾಲಿಷ್ ಬಾಟಲಿಯನ್ನು ಕೆಳಗಿನ ಹೂದೋಟದ ಕಟ್ಟೆಯ ಮೇಲೆ ಮರೆತು ಬಂದದ್ದೇ ಗುಮಾಸ್ತರ ಗ್ರಹಚಾರಕ್ಕೆ ಮೂಲ. ಅದನ್ನು ಅವರು ಹಚ್ಚಿದ್ದು ಬಸವನಹುಳುಗಳಿಗೆ.

ಗುಮಾಸ್ತರಿಗೆ ನಲವತ್ತಾರು ವರ್ಷ. ಡಿಗ್ರಿ ಮುಗಿಯದೆ ಬಡ್ತಿ ಇಲ್ಲ, ಬಾಕಿ ಉಳಿದದ್ದು ಒಂದೇ ವಿಷಯ. ಲೆಕ್ಕ ಇರುವುದಿಲ್ಲವೆಂದು ನಂಬಿ ವಿಶ್ವವಿದ್ಯಾಲಯದ ‘ಪರಿಸರ ಮತ್ತು ಪ್ರಾಣಿವರ್ತನೆ: ಪರಿಚಯ’ ಎಂಬ ತರಗತಿಗೆ ಸೇರಿದ್ದರು. ಮೇಡಂ ಲೆಕ್ಕವನ್ನೇ ಕೊಟ್ಟರು. ಮೂವತ್ತು ಹುಳ ಹಿಡಿದು, ಚುಕ್ಕೆ ಇಟ್ಟು ಬಿಡಬೇಕು. ಕೆಲವು ಗಂಟೆ ಬಿಟ್ಟು ಮತ್ತೆ ಮೂವತ್ತು ಹಿಡಿಯಬೇಕು. ಮೊದಲ ಮೂವತ್ತನ್ನು ಎರಡನೆಯ ಮೂವತ್ತರಿಂದ ಗುಣಿಸಿ, ಅದರಲ್ಲಿ ಸಿಕ್ಕ ಚುಕ್ಕೆಯವುಗಳ ಸಂಖ್ಯೆಯಿಂದ ಭಾಗಿಸಿದರೆ ತೋಟದಲ್ಲಿರುವ ಒಟ್ಟು ಹುಳಗಳ ಅಂದಾಜು. ಭಾನುವಾರ ಮಧ್ಯಾಹ್ನ ಹನ್ನೆರಡರೊಳಗೆ ಉತ್ತರ ಬರದಿದ್ದರೆ ಫೇಲು.

ಆ ಭಾನುವಾರ ಬೆಳಗ್ಗೆ ಏಳು ಗಂಟೆಗೆ ಮೂವತ್ತು ಹುಳಗಳಿಗೆ ಚುಕ್ಕೆ ಇಟ್ಟರು. ಹನ್ನೊಂದೂವರೆಗೆ ಬಂದು ಮೂವತ್ತು ಹಿಡಿದರು. ಮೂವತ್ತಕ್ಕೂ ಕೆಂಪು ಚುಕ್ಕೆ. ಪಕ್ಕದ ಕುಂಡ ಎತ್ತಿದರೆ ಅಲ್ಲೂ ಕೆಂಪು. ಗುಮಾಸ್ತರು ಮುಂದಿನ ಕುಂಡಕ್ಕೆ ಕೈ ಹಾಕಿದರು.

“ಹುಡುಕಬೇಡಿ, ಎಲ್ಲಾ ಆಯ್ತು,” ಎಂದರು ಕೆಳಮನೆಯ ನಿವೃತ್ತ ಹೆಡ್‌ಮಾಸ್ತರರು, ಕಿಟಕಿಯಿಂದ. “ನೀವು ಅರ್ಧಕ್ಕೆ ಬಿಟ್ಟು ಹೋಗಿದ್ರಿ. ಬಾಟಲಿ ಕಟ್ಟೆ ಮೇಲೇ ಇತ್ತು. ಅರ್ಧಂಬರ್ಧ ಕೆಲಸ ನನ್ನ ಕಣ್ಣಿಗೆ ಆಗಲ್ಲ ನೋಡಿ.”

“ಎಷ್ಟಕ್ಕೆ ಹಚ್ಚಿದ್ರಿ, ಮೇಷ್ಟ್ರೇ?”

“ಅರವತ್ತು. ಎಣಿಸಿದ್ದೀನಿ. ಇನ್ನು ಒಂದೂ ಉಳಿದಿಲ್ಲ.”

ಬೈಯಲು ಬಾಯಿ ತೆರೆದ ಗುಮಾಸ್ತರು ಹಾಗೇ ಮುಚ್ಚಿದರು. ತಮ್ಮವು ಮೂವತ್ತು, ಇವರವು ಅರವತ್ತು, ಒಟ್ಟು ತೊಂಬತ್ತು! ‘ಹಿಡಿದ ಮೂವತ್ತರಲ್ಲಿ ಹತ್ತಕ್ಕೆ ಚುಕ್ಕೆ ಇತ್ತು, ಒಟ್ಟು ತೊಂಬತ್ತು’ ಎಂದು ಹಿಂದಿನಿಂದ ಲೆಕ್ಕ ಕೂಡಿಸಿ ಮೇಡಂಗೆ ಕಳಿಸಿಬಿಟ್ಟರು. ಬಹಳ ದಿನದ ಮೇಲೆ ಅವರಿಗೆ ಸಂತೋಷವಾಯಿತು.

ಐದೇ ನಿಮಿಷಕ್ಕೆ ಮೇಡಂ ಫೋನು.

“ಇಷ್ಟು ಅಚ್ಚುಕಟ್ಟಾದ ಉತ್ತರ ಯಾರೂ ಕೊಟ್ಟಿಲ್ಲ! ನಾಲ್ಕಕ್ಕೆ ಇಡೀ ಕ್ಲಾಸನ್ನ ನಿಮ್ಮ ತೋಟಕ್ಕೇ ಕರ್ಕೊಂಡು ಬರ್ತೀನಿ. ಎಲ್ಲರ ಎದುರಿಗೆ ಇನ್ನೊಂದ್ಸಲ ಹಿಡಿದು ತೋರಿಸಿ.”

ಗುಮಾಸ್ತರು ಪಾಲಿಷ್ ಅಳಿಸುವ ದ್ರವ, ಹತ್ತಿ ಹುಡುಕಿಕೊಂಡು ಕೆಳಗೆ ಓಡಿದರು.

“ನನ್ನ ಉಗುರಿನ ಬಣ್ಣ ಹೋಗಿ ತಿಂಗಳಾಯ್ತು, ಒಂದಿನ ಕೇಳಿದ್ರಾ?” ಎಂದಳು ಹೆಂಡತಿ, ಮೇಲಿನ ಮನೆಯಿಂದ. ಗುಮಾಸ್ತರು ಆಗಲೇ ತೋಟದಲ್ಲಿದ್ದರು. ಮಣ್ಣಿನಲ್ಲಿ ಮಂಡಿಯೂರಿ, ಎಣಿಸಿ ಎಣಿಸಿ, ಅರವತ್ತು ಹುಳಗಳ ಬೆನ್ನು ಒರೆಸಿದರು. ಸರಿಯಾಗಿ ಮೂವತ್ತಕ್ಕೆ ಚುಕ್ಕೆ ಉಳಿಸಿದರು. ಮೂರೂಕಾಲಿಗೆ ಸ್ನಾನಕ್ಕೆಂದು ಮೇಲೆ ಹೋದರು.

ನಾಲ್ಕಕ್ಕೆ ಮೇಡಂ, ಹಿಂದೆ ಇಪ್ಪತ್ತೆರಡು ವಿದ್ಯಾರ್ಥಿಗಳು. ಇಸ್ತ್ರಿ ಶರಟಿನ ಗುಮಾಸ್ತರು ಮೊದಲ ಕುಂಡ ಎತ್ತಿದರು. ಚುಕ್ಕೆ ಇಲ್ಲದ ಹುಳ. ಎರಡನೆಯದರಲ್ಲೂ ಇಲ್ಲ. ಮೂವತ್ತು ಹಿಡಿದು ಸಾಲಾಗಿ ಇಟ್ಟಾಗ, ಮೂವತ್ತೂ ಈಗ ತಾನೇ ಹುಟ್ಟಿದಂತೆ ಸ್ವಚ್ಛವಾಗಿದ್ದವು.

ಮೇಡಂ ನೋಟ್‌ಬುಕ್ಕಿನಲ್ಲಿ ಲೆಕ್ಕ ಹಾಕಿದರು. “ಮೂವತ್ತು ಮೂವತ್ಲೆ ಒಂಬೈನೂರು. ಸೊನ್ನೆಯಿಂದ ಭಾಗಿಸಿದ್ರೆ… ನಿಮ್ಮ ತೋಟದಲ್ಲಿ ಅನಂತ ಬಸವನಹುಳುಗಳಿವೆ.” ತೊಂಬತ್ತರ ಮೇಲೆ ಗೀಟು ಎಳೆದು, “ಮುಂದಿನ ವರ್ಷ ಮತ್ತೆ ಸೇರಿಕೊಳ್ಳಿ,” ಎಂದು ಹೊರಟರು.

ಗುಮಾಸ್ತರ ಕಣ್ಣು ಕಟ್ಟೆಯತ್ತ ಹೋಯಿತು. ಅಲ್ಲಿ ತಾವು ಈ ಸಲ ಮರೆತಿದ್ದ, ಪಾಲಿಷ್ ಅಳಿಸುವ ದ್ರವದ ಬಾಟಲಿ ಖಾಲಿಯಾಗಿತ್ತು. ಪಕ್ಕದಲ್ಲಿ ಹೆಡ್‌ಮಾಸ್ತರರು ಹತ್ತಿಯಿಂದ ಬೆರಳು ಒರೆಸಿಕೊಳ್ಳುತ್ತಿದ್ದರು.

“ಮತ್ತೆ ಮೂವತ್ತು ಬಿಟ್ಟು ಹೋಗಿದ್ರಿ. ಮುಗಿಸ್ದೆ,” ಎಂದರು. “ಅಲ್ಲಾ, ನಿಮ್ಮ ಡಿಗ್ರೀನೂ ಅರ್ಧಕ್ಕೇ ನಿಂತಿದೆಯಂತೆ? ಯೋಚನೆ ಮಾಡ್ಬೇಡಿ. ಮುಂದಿನ ವರ್ಷ ನಾನೂ ಸೇರ್ಕೋತೀನಿ.”