ಮೀನಿನ ತೊಟ್ಟಿಗೆ ಚರಗ

ಇಂಡಿ ಸೀಮೆಯಲ್ಲಿ ಗಿಡಕ್ಕೆ ನೀರು ಹಾಕುವವರು ಸಾವಿರ ಮಂದಿ ಸಿಗುತ್ತಾರೆ. ಗಿಡವನ್ನೇ ನೀರಲ್ಲಿ ಮುಳುಗಿಸಿ, ಅದಕ್ಕೆ ಉಸಿರುಗಟ್ಟಿತೋ ಏನೋ ಎಂದು ದಿನವಿಡೀ ಎದುರು ಕೂತು ನೋಡುವವರು ಒಬ್ಬರೇ: ತಾಂಬಾದ ನಮ್ಮ ಸೋದರಮಾವ!

ಹುಚ್ಚೇ? ಪೂರ್ತಿ ಹುಚ್ಚೆನ್ನಲಾರೆ. ಅತ್ತೆ ಲಿಂಬೆ ತೋಟದ ಬದುವಿನಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಿದ್ದರು. ಆಪರೇಷನ್ ಆಯಿತು, ಎಲುಬು ಕೂಡಿತು, ಇನ್ನು ಎದ್ದು ಕೂರಬೇಕೆಂದರು ಡಾಕ್ಟರು. ಅತ್ತೆ ಏಳಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ಅದಕ್ಕಿಂತ ಘೋರವೆಂದರೆ, ಮದುವೆಯಾದಂದಿನಿಂದ ಮಾವನನ್ನು ಬೈಯುತ್ತಲೇ ಬಂದವರು ಬೈಯುವುದನ್ನೇ ಬಿಟ್ಟರು.

"ಆಕಿ ಬೈವಲ್ಲಳು ನೋಡಪಾ. ನನಗ ಉಂಡದ್ದು ಮೈಗೆ ಹತ್ತವಲ್ದು" ಎಂದು ಮಾವ ನನ್ನ ಮುಂದೆ ಕಣ್ಣು ತುಂಬಿಕೊಂಡರು. ಆಕೆ ಹೊಲಕ್ಕೆ ಹೋಗಲಾರಳು, ಹಸಿರನ್ನೇ ಮನೆಗೆ ತರುತ್ತೇನೆಂದು ವಿಜಯಪುರದಿಂದ ಗಾಜಿನ ಮೀನಿನ ತೊಟ್ಟಿ ಹೊತ್ತು ತಂದರು. ಅದರಲ್ಲಿ ನಾಲ್ಕಾರು ಮೀನು, ಕತ್ತಿಯಂಥ ಎಲೆಗಳ ಒಂದು ಗಿಡ. ಅಂಗಡಿಯವನು ಅದನ್ನು ಅಮೆಜಾನ್ ಸ್ವೋರ್ಡ್ ಅಂದನಂತೆ; ಮಾವನಿಗೆ ಅದು ಕತ್ತಿಗಿಡ. ಅತ್ತೆಯ ಮುಖವಿದ್ದ ಕಡೆಯೇ ತೊಟ್ಟಿ ಇಟ್ಟರು. ಅತ್ತೆ ಕಣ್ಣು ಮುಚ್ಚಿಕೊಂಡರು.

ಲಿಂಬೆ ಬೆಳೆದ ಕೈ ಸುಮ್ಮನಿರುತ್ತದೆಯೇ? ಮೊದಲ ವಾರವೇ ಗಿಡದ ಬುಡಕ್ಕೆ ಒಂದು ಬೊಗಸೆ ಕುರಿಹಿಕ್ಕೆ ಬಿತ್ತು. ಸಂಜೆಯೊಳಗೆ ತೊಟ್ಟಿ ತುಂಬ ಚಹಾ! ಮೀನುಗಳು ಕೊಡಪಾನಕ್ಕೆ ವಲಸೆ ಹೋದವು. ಅಂಗಡಿಯವನಿಗೆ ಫೋನು ಹಚ್ಚಿದರೆ ಅವನು ಬೈದ ಬೈಗುಳ ಕೇಳಿ ಮಾವನಿಗೆ ಹಳೆಯ ಅತ್ತೆಯ ನೆನಪೇ ಬಂತಂತೆ.

ನೀರು ಬದಲಿಸಿದರು, ಬೇರಿನ ಹತ್ತಿರ ಮರಳಲ್ಲಿ ಗೊಬ್ಬರದ ಗುಳಿಗೆ ಹೂತರು. ಹಳೆಯ ಎಲೆಗಳೆಲ್ಲ ಕರಗಿಹೋದಾಗ ಮಾವ ಎರಡು ದಿನ ಸೂತಕದ ಮುಖ ಹೊತ್ತು ತಿರುಗಿದರು. ಆಮೇಲೆ ನೋಡಿ, ಗಿಡ ಚಿಗುರಿದ್ದೇ ಚಿಗುರಿದ್ದು! ತೊಟ್ಟಿ ತುಂಬಿ, ಎಲೆಗಳು ಮೇಲಕ್ಕೆ ಹಾಯ್ದು, ಮೀನುಗಳು ದಾರಿ ಕೇಳಿಕೊಂಡು ತಿರುಗುವಂತಾಯಿತು. ಇದರ ಪಲ್ಲೆ ಮಾಡಬಹುದೇ ಎಂದು ಪಕ್ಕದ ಮನೆಯಾಕೆ ವಿಚಾರಿಸಿ ಹೋದಳು. ಅತ್ತೆ ಮಾತ್ರ ಈಗೀಗ ಕಣ್ಣು ತೆರೆದು ನೋಡುತ್ತಿದ್ದರು, ಅಷ್ಟೇ. ಮಾತಿಲ್ಲ.

ಎಳ್ಳಮಾವಾಸ್ಯೆ ಬಂತು. ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಪೂಜೆ ಮಾಡಿ, ಬೆಳೆಗೆ ನೈವೇದ್ಯದ ಚರಗ ಚೆಲ್ಲುವ ದಿನ. ಅತ್ತೆಯನ್ನು ಬಿಟ್ಟು ಹೋಗಲು ಮಾವ ಒಪ್ಪಲಿಲ್ಲ. ಗಾಜಿಗೆ ವಿಭೂತಿ, ಕುಂಕುಮ ಹಚ್ಚಿದರು. ಕಾಯಿ ಒಡೆದರು. ನಾನು ತಡೆಯುವುದರೊಳಗೆ, ಸಜ್ಜೆ ರೊಟ್ಟಿ, ಭಜ್ಜಿ ಪಲ್ಲೆ ಕಲಸಿದ ಒಂದು ಮುಷ್ಟಿ ಚರಗವನ್ನು ತೊಟ್ಟಿಗೆ ಚೆಲ್ಲಿಯೇಬಿಟ್ಟರು!

"ಬುದ್ಧಿ ಐತೇನ್ರಿ ನಿಮಗ?" ಮಂಚದಿಂದ ದನಿ ಬಂತು. "ಖಾರ ಐತಿ ಅದರಾಗ, ಮೀನ ಸಾಯ್ತಾವ. ಇಷ್ಟ ಚೆಂದ ಬೆಳದ ಗಿಡ ಕೊಳಿಸಿಬಿಡ್ತೀರಿ. ನನ್ನ ಎಬ್ಬಸ್ರಿ ಮೊದಲ."

ಇಬ್ಬರೂ ಹಿಡಿದು ಕೂರಿಸಿದೆವು. ಅತ್ತೆ ನೋವಿಗೆ ಹಲ್ಲು ಕಚ್ಚುತ್ತಲೇ ನನ್ನನ್ನು ಜರಡಿ ತರಲು ಓಡಿಸಿದರು. ತಂದು ನೋಡುತ್ತೇನೆ, ಅತ್ತೆ ಮಾವನ ಬುದ್ಧಿಗೇಡಿತನವನ್ನು ಮದುವೆಯ ದಿನದಿಂದ ಶುರುಮಾಡಿ ಎಣಿಸುತ್ತಿದ್ದಾರೆ. ಮಾವ ಮಂಚದ ಕಾಲಿಗೊರಗಿ ನೆಲದ ಮೇಲೆ ಕೂತು ಗಳಗಳ ಅಳುತ್ತಿದ್ದಾರೆ.

"ಬೈ," ಎನ್ನುತ್ತಿದ್ದಾರೆ. "ಇನ್ನೊಂದೀಟು ಬೈ. ನಿಂದರಸಬ್ಯಾಡ."