ಗಡಿಯಾರದ ಚುನಾವಣೆ

ಓಟು ಹಾಕುವ ಹಕ್ಕಿಲ್ಲದವರು ರಾಜಕೀಯ ಮಾತಾಡುವಾಗ ಇರುವ ಹುರುಪು ಓಟುಳ್ಳವರಿಗೆ ಎಲ್ಲಿಂದ ಬರಬೇಕು? ಡೆಟ್ರಾಯಿಟಿನ ಹೊರವಲಯದಲ್ಲಿದ್ದ ಆ ವರ್ಷಗಳಲ್ಲಿ ನಾನಂತೂ ಅಂಥ ಹುರುಪಿನ ಮನುಷ್ಯ. ಸೆಂಟಿಮೆಂಟಿಗೆಂದು ಇಂಡಿಯಾದ ಪಾಸ್‌ಪೋರ್ಟನ್ನು ಬೀರುವಿನಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದೆ. ಹೆಂಡತಿ ಸುಮಿತ್ರ ಮಾತ್ರ ತಮ್ಮನನ್ನು ಕರೆಸಿಕೊಳ್ಳುವ ಸಲುವಾಗಿ ಅಮೆರಿಕದ ಪ್ರಜೆಯಾಗಿದ್ದಳು. ಹೀಗಾಗಿ ನಮ್ಮ ಮನೆಯಲ್ಲಿ ಅಭಿಪ್ರಾಯಗಳೆಲ್ಲ ನನ್ನವು, ಓಟು ಅವಳದು.

ಎಪ್ಪತ್ತೆರಡರ ನವೆಂಬರ್ ಚುನಾವಣೆಯಲ್ಲಿ ಮಿಷಿಗನ್ನಿನವರ ಮುಂದೆ ಒಂದು ವಿಚಿತ್ರ ಪ್ರಶ್ನೆ ಇಟ್ಟಿದ್ದರು: ಸಂಜೆ ಹೆಚ್ಚು ಹೊತ್ತು ಬೆಳಕು ಸಿಗಲೆಂದು ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸಬೇಕೋ, ಬೇಡವೋ? ಅದಕ್ಕೆ ಸ್ವಲ್ಪ ಮುಂಚೆ ಒಂದು ಶನಿವಾರ ನಮ್ಮ ಮನೆಯಲ್ಲಿ ಕನ್ನಡದವರ ಊಟ. ಧಾರವಾಡದ ಪಾಟೀಲರು ಸೋಫಾದಲ್ಲಿ ಪದ್ಮಾಸನ ಹಾಕಿ, "ಸೂರ್ಯ ಏನ್ ಎಲೆಕ್ಷನ್ನಿಗೆ ನಿಂತಾನೇನ್ರಿ? ಅಂವಾ ಏಳೂ ಹೊತ್ತಿಗೇ ಏಳ್ತಾನ!" ಎಂದರು. ನಾನು ಇಂಜಿನಿಯರು, ಕಾಗದದ ಮೇಲೆ ಭೂಮಿಯನ್ನು ಬರೆದು, ಅಕ್ಷವನ್ನು ಓರೆ ಮಾಡಿ, ಇದೆಲ್ಲ ಶುದ್ಧ ಮೋಸ ಎಂದು ಸಾಧಿಸಿದೆ. ಪುಳಿಯೋಗರೆ ಮುಗಿದು ಮೊಸರನ್ನಕ್ಕೆ ಬಂದರೂ ವಾದ ಮುಗಿಯಲಿಲ್ಲ. ಅಷ್ಟು ಜನರಲ್ಲಿ ಓಟಿದ್ದ ಒಬ್ಬಳೇ ಒಬ್ಬಳು ಹಪ್ಪಳ ಕರಿಯುತ್ತಿದ್ದಳು. ನಾನು ಅಡುಗೆಮನೆಗೆ ಹೋಗಿದ್ದು ನಿಜ, ಉಪ್ಪಿನಕಾಯಿ ಕೇಳುವುದಕ್ಕೆ.

ಮತದಾನದ ದಿನ ಅವಳನ್ನು ನಾನೇ ಕರೆದುಕೊಂಡು ಹೋದೆ. ಬೇರೆ ದಾರಿಯೂ ಇರಲಿಲ್ಲ. ನಮ್ಮ ಕಡೆ ಬಸ್ಸಿಲ್ಲ, ಅವಳಿಗೆ ಡ್ರೈವಿಂಗ್ ಬರುತ್ತಿರಲಿಲ್ಲ. ನಾನು ಹೇಳಿಕೊಡಲು ಹೋಗಿ, ಮೊದಲ ಪಾಠದಲ್ಲೇ ಕೂಗಾಡಿದ್ದಕ್ಕೆ ಅವಳು ಕಣ್ಣೊರೆಸಿಕೊಂಡು ಇಳಿದುಬಿಟ್ಟಿದ್ದಳು. ಅಂದಿನಿಂದ ಅವಳನ್ನು ಆಸ್ಪತ್ರೆಯ ಲ್ಯಾಬಿನ ಕೆಲಸಕ್ಕೆ ನಾನು ವಿಕ್ಸಮ್ ಊರಿನ ನನ್ನ ಆಫೀಸಿಗೆ ಹೋಗುತ್ತಾ ಬಿಡುವುದು, ಬರುತ್ತಾ ಕರೆತರುವುದು. ನನಗೆ ಮೀಟಿಂಗ್ ಇದ್ದ ದಿನ ಅವಳು ಆಸ್ಪತ್ರೆ ಬಾಗಿಲಲ್ಲಿ ಕೋಟು ತೊಟ್ಟು ಕಾಯುತ್ತ ನಿಂತಿರುತ್ತಿದ್ದಳು. ಮತಗಟ್ಟೆ ತಲುಪುವವರೆಗೂ ನಾನು ಭೂಮಿಯ ಅಕ್ಷವನ್ನು ಮತ್ತೊಮ್ಮೆ ವಿವರಿಸಿದೆ. "ಬೇಡ ಅನ್ನೋದಕ್ಕೆ ಹಾಕು, ಗೊತ್ತಾಯ್ತಾ?" ಎಂದೆ. ಅವಳು "ಹೂಂ" ಎಂದು ಪರದೆಯೊಳಗೆ ಹೋಗಿ, ಮೆಷಿನ್ನಿನ ಹಿಡಿ ಎಳೆದು, ನೆಮ್ಮದಿಯಾಗಿ ಹೊರಬಂದಳು.

ಗಡಿಯಾರ ಗೆದ್ದಿತು. ಮುಂದಿನ ಏಪ್ರಿಲ್‌ನಲ್ಲಿ ಗೊಣಗುತ್ತಲೇ ಮನೆಯ ಗಡಿಯಾರಗಳನ್ನೆಲ್ಲ ತಿರುಗಿಸಿದೆ. ಆ ವಾರವೇ ಒಂದು ಸಂಜೆ ಊಟವಾಗುತ್ತಿದ್ದಂತೆ ಪಕ್ಕದ ಮನೆಯ ಡೊರೊಥಿ ತನ್ನ ಕಾರಿನ ಹಾರ್ನ್ ಒತ್ತಿದಳು. ಆಕೆಗೂ ಕೆಲಸ ಮುಗಿಯುವುದು ತಡವಾಗಿ. "ರೀ, ಪಾತ್ರೆ ನೋಡ್ಕೊಳಿ, ಇನ್ನೂ ಬೆಳಕಿದೆ," ಎಂದು ಸುಮಿತ್ರ ಸೆರಗು ಸಿಕ್ಕಿಸಿಕೊಂಡು ಹೊರಟಳು. ಇಬ್ಬರೂ ಚರ್ಚಿನ ಖಾಲಿ ಪಾರ್ಕಿಂಗ್ ಲಾಟಿನಲ್ಲಿ ಸುತ್ತು ಹಾಕುತ್ತಾರೆಂದು ಆಮೇಲೆ ತಿಳಿಯಿತು. ದಿನಾ ಕತ್ತಲಾಗುವ ಹೊತ್ತಿಗೆ ಕೆಂಪಗೆ ಮುಖ ಅರಳಿಸಿಕೊಂಡು ಬರುತ್ತಿದ್ದಳು. ಡೊರೊಥಿ ಕೂಗುವುದೇ ಇಲ್ಲವಂತೆ.

ಲೈಸೆನ್ಸ್ ಬಂದ ಸಂಜೆ ನನ್ನನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಹೊರಟಳು. ಊಟ ಮುಗಿದಿದ್ದರೂ ರಸ್ತೆ ತುಂಬ ಬಿಸಿಲು. ನನ್ನ ಬಲಗಾಲು ತಾನೇ ತಾನಾಗಿ ಇಲ್ಲದ ಬ್ರೇಕನ್ನು ಒತ್ತುತ್ತಿತ್ತು.

"ನೀನು ಹೌದು ಅಂತ ಹಾಕಿದ್ದೆ, ಅಲ್ವಾ?" ಎಂದೆ.

"ಹೂಂ. ಸಂಜೆ ಬೆಳಕಿದ್ರೆ ಕಲಿಸ್ತೀನಿ ಅಂದಿದ್ದಳು ಡೊರೊಥಿ."

"ಮತ್ತೆ ನನಗೆ ಹೇಳಲೇ ಇಲ್ಲ?"

"ಕೇಳಿದ್ರೆ ಹೇಳ್ತಿದ್ದೆ ರೀ. ನೀವು ಭೂಮಿ ವಿಷಯ ಹೇಳ್ತಾ ಇದ್ರಿ," ಎಂದವಳು ಕನ್ನಡಿ ನೋಡಿದಳು. "ಈಗ ಸ್ವಲ್ಪ ಸುಮ್ನಿರಿ, ಎಡಕ್ಕೆ ತಿರುಗಬೇಕು."

ನನ್ನ ಬಳಿ ಎಡತಿರುವಿನ ಬಗ್ಗೆ ಮೂರು ಅಭಿಪ್ರಾಯಗಳಿದ್ದವು. ಮೂರನ್ನೂ ನುಂಗಿಕೊಂಡೆ. ತಿರುವು ಚೆನ್ನಾಗಿಯೇ ಬಂತು.